ರಾಯಚೂರು ಯುದ್ಧದ ಬುತ್ತಿಯಲ್ಲಿ ಶೇಂಗಾ ಚಟ್ನಿ ಇತ್ತೇ?

ಪ್ರಶ್ನೆ: ರಾಯಚೂರು ಯುದ್ಧವನ್ನು ಕುರಿತ ಕಾದಂಬರಿಯೊಂದರಲ್ಲಿ ಕೃಷ್ಣದೇವರಾಯನ ಸೈನಿಕರು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹಸಿಮೆಣಸಿನಕಾಯಿಯ ಬುತ್ತಿ ಬಿಚ್ಚುತ್ತಾರೆ. ಆಮೇಲೆ ಏಳು ಲಕ್ಷ ಜನ ಬರೀ ಕತ್ತಿ, ಈಟಿ ಹಿಡಿದು ಕೋಟೆ ಗೆಲ್ಲುತ್ತಾರೆ. ಕೋಟೆಯ ಉದ್ದನೆಯ ಕಲ್ಲನ್ನು ರಾಯನ ಆನೆಗಳು ಒಂದೇ ರಾತ್ರಿಯಲ್ಲಿ ಎಳೆದು ತಂದವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಿಜವೆಷ್ಟು?
– ಓದುಗರೊಬ್ಬರು, ರಾಯಚೂರು

ಉತ್ತರ: ಬುತ್ತಿಯಲ್ಲಿ ರೊಟ್ಟಿಯ ಜೋಳವನ್ನು ಮಾತ್ರ ಉಳಿಸಿಕೊಳ್ಳಬಹುದು. ಒಡೆಯನ ಅನ್ನದ ಋಣವನ್ನು ಯುದ್ಧದಲ್ಲಿ ತೀರಿಸುವುದನ್ನು ಹಳಗನ್ನಡದವರು ‘ಜೋಳದ ಪಾಳಿ’ ಎಂದೇ ಕರೆದಿದ್ದಾರೆ. ಆದರೆ ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. ಮೆಣಸಿನಕಾಯಿಯನ್ನು ನಮ್ಮಲ್ಲಿಗೆ ತಂದ ಪೋರ್ಚುಗೀಸರ ಕೈಗೆ ಗೋವೆ ಸೇರಿದ್ದು 1510ರಲ್ಲಿ, ಯುದ್ಧ ನಡೆದದ್ದು 1520ರ ಮೇ ತಿಂಗಳಲ್ಲಿ. ಹತ್ತು ವರ್ಷಗಳಲ್ಲಿ ಮೆಣಸಿನಕಾಯಿ ಎಡೆದೊರೆ ನಾಡಿನ (ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ಸೀಮೆಯ) ಸಾಮಾನ್ಯ ಸೈನಿಕನ ಬುತ್ತಿಗೆ ಇಳಿದಿತ್ತೆಂದು ನಂಬುವುದು ಕಷ್ಟ, ಶೇಂಗಾ ಅಂತೂ ನಮ್ಮ ಹೊಲಗಳಿಗೆ ಬಂದದ್ದು ಇನ್ನೂ ಬಹಳ ತಡವಾಗಿ. ಅಂದಿನ ಖಾರವೆಂದರೆ ಮೆಣಸು. ಹೊಸ ಕಾಯಿ ಅದರ ಹೆಸರನ್ನೇ ಹೊತ್ತು ‘ಮೆಣಸಿನಕಾಯಿ’ಯಾಯಿತು, ಹಳೆಯ ಮೆಣಸು ತನ್ನ ಗುರುತಿಗಾಗಿ ‘ಕಾಳುಮೆಣಸು’ ಎಂದು ಕರೆಸಿಕೊಳ್ಳಬೇಕಾಯಿತು.

ಚಟ್ನಿಯ ತಪ್ಪನ್ನು ಕ್ಷಮಿಸಬಹುದು. ಆಯುಧಗಳ ವಿಷಯದಲ್ಲಿ ಮಾತ್ರ ಕಾದಂಬರಿಕಾರರು ಕಥೆಯ ಸ್ವಾರಸ್ಯವನ್ನೇ ಕಳೆದುಕೊಂಡಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಕೆಲವು ವರ್ಷಗಳ ನಂತರ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಈ ಯುದ್ಧವನ್ನು ವಿವರವಾಗಿ ಬರೆದಿದ್ದಾನೆ. ಅವನ ಪ್ರಕಾರ, ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಫಿರಂಗಿಗಳು ಮೊದಲು ರಾಯನ ಸೈನ್ಯವನ್ನು ಚದುರಿಸಿದರೂ, ರಾಯನೇ ಮುನ್ನುಗ್ಗಿದಾಗ ಶತ್ರುಸೈನ್ಯ ಕೃಷ್ಣಾ ನದಿಯತ್ತ ಓಡಿತು. ಇನ್ನು ಕೋಟೆಯ ಮುತ್ತಿಗೆಯಲ್ಲಿ ಸೈನಿಕರು ಗುದ್ದಲಿ, ಹಾರೆಗಳಿಂದ ಗೋಡೆ ಕೀಳುತ್ತಿದ್ದರು. ಕಿತ್ತು ತಂದ ಪ್ರತಿಯೊಂದು ಕಲ್ಲಿಗೂ ಅದರ ಗಾತ್ರ ನೋಡಿ 10ರಿಂದ 50 ‘ಹಣ’ದವರೆಗೆ (ಅದು ಅಂದಿನ ಒಂದು ನಾಣ್ಯ) ಕೊಡಲಾಗುತ್ತಿತ್ತಾದ್ದರಿಂದ, ಮೇಲಿನಿಂದ ಬೀಳುವ ಗುಂಡು, ಕಲ್ಲುಗಳ ಭಯವನ್ನು ಬಡವರು ಮರೆತೇಬಿಟ್ಟಿದ್ದರು. ಅಷ್ಟರಲ್ಲಿ ಕ್ರಿಸ್ತೋವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನು ಸುಮಾರು ಇಪ್ಪತ್ತು ಕೋವಿಗಾರರೊಡನೆ ಬಂದು, ಗೋಡೆಯ ಮೇಲೆ ತಲೆ ತೋರಿಸಿದವರನ್ನು ಹೊಡೆದುರುಳಿಸತೊಡಗಿದನು. ಊರಿನ ಅಧಿಪತಿಯ ಹಣೆಗೇ ಗುಂಡು ತಗಲಿತು, ಕೋಟೆ ಶರಣಾಯಿತು. ವಿಜಯನಗರಕ್ಕೆ ಕೋವಿ ಹೊಸದೂ ಅಲ್ಲ. ರಾಯನ ಕಾಲದಲ್ಲೇ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಯಸ್ ಮಹಾನವಮಿಯ ಸೇನಾ ಪ್ರದರ್ಶನದಲ್ಲಿ ಕೋವಿ ಹಿಡಿದ ಪಡೆಗಳನ್ನು ಕಂಡಿದ್ದಾನೆ.

ಏಳು ಲಕ್ಷವೆಂಬ ಲೆಕ್ಕವೂ ನೂನಿಜನದೇ. ಮೊಣಕಾಲಿನ ಅರ್ಧದಷ್ಟು ನೀರಿದ್ದ ಹೊಳೆಯೊಂದು, ಸೈನ್ಯದ ಅರ್ಧ ದಾಟುವಷ್ಟರಲ್ಲೇ ಬತ್ತಿ, ಹಿಂದಿನವರು ಮರಳಿನಲ್ಲಿ ಒರತೆ ತೋಡಬೇಕಾಯಿತೆಂದೂ ಅವನು ಬರೆಯುತ್ತಾನೆ. ಬೇಸಿಗೆಯ ನಮ್ಮ ಹಳ್ಳಗಳನ್ನು ಕಂಡವರು ಒರತೆಯ ಮಾತನ್ನು ಒಪ್ಪಬಹುದು, ಏಳು ಲಕ್ಷವನ್ನು ಒಪ್ಪಲಾಗದು.

ಉದ್ದನೆಯ ಕಲ್ಲಿಗೂ ರಾಯನಿಗೂ ಸಂಬಂಧವಿಲ್ಲ. ಸುಮಾರು 41 ಅಡಿ ಉದ್ದದ ಆ ಕಲ್ಲಿನ ತೆಲುಗು ಶಾಸನವು ಕಾಕತೀಯರ ಕಾಲದ್ದು, 1294ರದು. ಅಂದರೆ ಯುದ್ಧಕ್ಕಿಂತ 226 ವರ್ಷ ಹಿಂದಿನದು. ಕಲ್ಲನ್ನು ಸಾಗಿಸಿದ ಬಗೆಯನ್ನು ಗೋಡೆಯ ಮೇಲಿನ ಚಿತ್ರವೇ ತೋರಿಸುತ್ತದೆ: ಬಂಡಿಯ ಮೇಲೆ ಕಲ್ಲು, ಮುಂದೆ ಉದ್ದಕ್ಕೂ ಹೂಡಿದ ದನಗಳ ಸಾಲು, ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಆಳುಗಳು. ಅದರಲ್ಲಿ ಎಳೆಯುವ ಆನೆಗಳಿಲ್ಲ.