ಎದುರು ಬಂದರೆ ಮಾತು ನಿಲ್ಲುವ ಕಚೇರಿ

ದಾವಣಗೆರೆಯ ಓದುಗರೊಬ್ಬರ ಪತ್ರ: 'ಸಹಕಾರಿ ಬ್ಯಾಂಕೊಂದರ ಶಾಖೆಗೆ ವ್ಯವಸ್ಥಾಪಕನಾಗಿ ಬಂದು ಮೂರು ತಿಂಗಳಾಯಿತು. ಹಿಂದಿನವರು ಮೆದು ಸ್ವಭಾವದವರು; ಸಿಬ್ಬಂದಿ ಹನ್ನೊಂದಕ್ಕೆ ಬರುತ್ತಿದ್ದರು. ನಾನು ಬಿಗಿ ಮಾಡಿದೆ. ಈಗ ಎಲ್ಲರೂ ಹತ್ತಕ್ಕೆ ಮೊದಲೇ ಹಾಜರು. ನಾನು ಎದುರು ಬಂದರೆ ಮಾತು ನಿಲ್ಲುತ್ತದೆ. ದಂಡಂ ದಶಗುಣಂ ಎಂದದ್ದು ಸುಳ್ಳೇ? ವಿಶ್ವೇಶ್ವರಯ್ಯನವರು ಸಡಿಲ ಬಿಟ್ಟು ನಾಡು ಕಟ್ಟಿದರೇ?'

ಮಹನೀಯರೆ, ಹತ್ತಕ್ಕೆ ಕೌಂಟರ್ ತೆರೆಯಲೇಬೇಕು. ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದ ವೃದ್ಧೆಯನ್ನು ಹನ್ನೊಂದರವರೆಗೆ ಕಾಯಿಸುವ ಉಡಾಫೆಗೆ ನಾನು ಮೆದು ಸ್ವಭಾವ ಎಂಬ ಹೆಸರು ಕೊಡಲಾರೆ. ಅದನ್ನು ನೀವು ಸರಿಪಡಿಸಿದಿರಿ, ಸಂತೋಷ. ಆದರೆ 'ಎದುರು ಬಂದರೆ ಮಾತು ನಿಲ್ಲುತ್ತದೆ' ಎಂದು ನೀವು ಹೆಮ್ಮೆಯಿಂದ ಬರೆದ ಸಾಲು ನನ್ನನ್ನು ಎರಡು ದಿನ ಕಾಡಿತು.

ನಾನು ಕರಡು ತಿದ್ದಲು ಕಲಿತದ್ದು ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸುವ ಕಾಲದ ಒಂದು ಅಚ್ಚುಕೂಟದಲ್ಲಿ. ಯಜಮಾನರು ತಪ್ಪೊಂದಕ್ಕೆ ಎಂಟಾಣೆಯಂತೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ಎಲ್ಲರೆದುರು ಬೈಗುಳ ಬೇರೆ. ಒಮ್ಮೆ ಸಾವಿರ ಲಗ್ನಪತ್ರಿಕೆ ಅಚ್ಚಾಗುತ್ತಿತ್ತು. ಐವತ್ತನೆಯದೋ ಅರವತ್ತನೆಯದೋ ಪ್ರತಿ ಕೈಗೆ ಬಂದಾಗ, ಶುಕ್ರವಾರ ಇರಬೇಕಾದಲ್ಲಿ ಗುರುವಾರ ಇರುವುದು ಮೊಳೆ ಜೋಡಿಸಿದ ಹುಡುಗನ ಕಣ್ಣಿಗೆ ಬಿತ್ತು. ಮಸಿ ಹತ್ತಿದ ಹೆಬ್ಬೆರಳನ್ನು ಆ ಪದದ ಪಕ್ಕಕ್ಕಿಟ್ಟು ಯಜಮಾನರ ಕೋಣೆಯತ್ತ ಒಮ್ಮೆ ನೋಡಿದ. ಆಮೇಲೆ ಆ ಪ್ರತಿಯನ್ನು ಕಟ್ಟಿನೊಳಗೆ ಸೇರಿಸಿಬಿಟ್ಟ. ಪಕ್ಕದಲ್ಲೇ ಇದ್ದ ನಾನೂ ಬಾಯಿ ಬಿಡಲಿಲ್ಲ. ಕರಡು ನೋಡಿದವನು ನಾನೇ. ಉಳಿದ ಒಂಬೈನೂರ ಚಿಲ್ಲರೆಯೂ ಹಾಗೆಯೇ ಅಚ್ಚಾದವು. ಹುಡುಗಿಯ ತಂದೆ ಕಟ್ಟು ಬಿಚ್ಚಿ ನೋಡಿ ಅಚ್ಚುಕೂಟದ ಮೆಟ್ಟಿಲ ಮೇಲೆ ಕುಸಿದು ಕುಳಿತದ್ದು ಇಂದಿಗೂ ಕಣ್ಣಮುಂದಿದೆ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಐದಾರು ನಿಮಿಷಗಳಲ್ಲೇ ಬಂಗಾಳ ಕೊಲ್ಲಿಗೆ ಬಿತ್ತು. ಕಂಪ್ಯೂಟರ್ ತಡೆ ಹಾಕಿದರೂ ತಜ್ಞರ ಮಾತು ನಂಬಿ ಉಡಾವಣೆಗೆ ಮುಂದಾದವನು ನಾನೇ ಎಂದು ಯೋಜನಾ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಮುಂದೆ ತಾವಾಗಿಯೇ ಹೇಳಿಕೊಂಡರು. ಆದರೆ ಅಂದು ಪತ್ರಕರ್ತರ ಮುಂದೆ ಕುಳಿತು ಹೊಣೆ ಹೊತ್ತವರು ಇಸ್ರೊ ಅಧ್ಯಕ್ಷ ಸತೀಶ್ ಧವನ್. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಆಗ ಅವರೇ ನಿರ್ದೇಶಕರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಕಳುಹಿಸಿದರು. ಮೊದಲ ಸೋಲಿಗೆ ಕಾರಣ ಎರಡನೆಯ ಹಂತದಲ್ಲಿ ಸೋರಿಹೋದ ನೈಟ್ರಿಕ್ ಆಮ್ಲ. ಕೆಲಸ ಹೋದೀತೆಂಬ ಭಯವಿದ್ದ ಕಡೆ ಆ ಸೋರಿಕೆಯನ್ನು ಯಾರು ಬಾಯಿಬಿಟ್ಟು ಹೇಳುತ್ತಿದ್ದರು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಒಂದು ಕಾರು ಕಾರ್ಖಾನೆಯನ್ನು ಮುಚ್ಚಿತು. ಅಲ್ಲಿನ ಕಾರ್ಮಿಕರು ಯಾರ ಮಾತನ್ನೂ ಕೇಳದವರೆಂದು ಹೆಸರಾಗಿದ್ದರು. 1984ರಲ್ಲಿ ಟೊಯೋಟ ಜೊತೆಗೂಡಿ ಬಾಗಿಲು ತೆರೆದಾಗ ಬಂದವರು ಬಹುಪಾಲು ಅದೇ ಜನ. ಹೊಸದಾಗಿ ಬಂದದ್ದು ಒಂದು ಹಗ್ಗ. ತಪ್ಪು ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ಮೇಲ್ವಿಚಾರಕ ನೆರವಿಗೆ ಓಡಿ ಬರಬೇಕು, ಬೇಕಾದರೆ ಇಡೀ ಸಾಲನ್ನೇ ನಿಲ್ಲಿಸಬೇಕು. ಕೆಲವೇ ವರ್ಷಗಳಲ್ಲಿ ಆ ಕಾರ್ಖಾನೆ ಕಾರುಗಳ ಗುಣಮಟ್ಟಕ್ಕೆ ಹೆಸರಾಯಿತು.

ವಿಶ್ವೇಶ್ವರಯ್ಯನವರ ಹೆಸರನ್ನು ದರ್ಪದ ಸಮರ್ಥನೆಗೆ ಬಳಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರ ಶಿಸ್ತು ಮೊದಲು ಬಿದ್ದದ್ದು ಅವರ ಮೇಲೆಯೇ. ನಾವು ಅವರಿಂದ ಗಡಿಯಾರವನ್ನಷ್ಟೇ ತೆಗೆದುಕೊಂಡೆವು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ಅದಕ್ಕೂ ಮೊದಲು ಬೆತ್ತದ ಏಟು ತಿಂದು ಬೆಳೆದ ನಾವು ಇಂದು ಕಚೇರಿಗಳ ದೊಡ್ಡ ಮೇಜುಗಳ ಹಿಂದೆ ಕುಳಿತಿದ್ದೇವೆ. ಜೊತೆಗೆ ದುಡಿಯುವವರನ್ನು 'ಕೈಕೆಳಗಿನವರು' ಎನ್ನುವಾಗ ನಮ್ಮ ನಾಲಿಗೆ ತಡವರಿಸುವುದೇ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ, ಗಂಟೆಗೆ ಇಷ್ಟು ಪೀಸ್ ಎಂಬ ಲೆಕ್ಕದ ನಡುವೆ ಶೌಚಾಲಯಕ್ಕೆ ಎದ್ದು ಹೋಗುವುದು ಎಷ್ಟು ಕಷ್ಟವೆಂದು ಹೇಳುತ್ತಾರೆ.

ನಿಮಗೆ ಒಂದೇ ಪ್ರಶ್ನೆ. ಈ ಮೂರು ತಿಂಗಳಲ್ಲಿ 'ಸರ್, ನನ್ನಿಂದ ಒಂದು ತಪ್ಪಾಗಿದೆ' ಎಂದು ನಿಮ್ಮ ಮೇಜಿನ ಬಳಿ ಬಂದವರು ಎಷ್ಟು ಮಂದಿ? ಯಾರೂ ಬಂದಿಲ್ಲವಾದರೆ ಇಂದು ಸಂಜೆ ಲೆಕ್ಕ ಮುಗಿದ ಮೇಲೆ ಕ್ಯಾಷಿಯರ್ ಜೊತೆ ಕುಳಿತು ಒಂದು ಲೋಟ ಚಹಾ ಕುಡಿಯಿರಿ. ಏನು ಕೇಳಿಸಿಕೊಂಡಿರಿ ಎಂದು ನನಗೆ ಬರೆಯಿರಿ, ಪ್ರಕಟಿಸುತ್ತೇನೆ.

— ಸಂಪಾದಕ