ಪಕ್ಕದ ಮನೆಯ ಆಮಿಗಳು

ಅಕ್ಕ ಎಂದು ಕರೆದಿದ್ದೀಯ, ಆದ್ದರಿಂದ ನೀನು ಎಂದೇ ಬರೆಯುತ್ತೇನೆ. ಜರ್ಮನಿಗೆ ಬಂದ ಮೇಲೆ ಈ ನೀನು-ನೀವುಗಳ ಲೆಕ್ಕ ದಿನವೂ ಎದುರಾಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ಬರುವ ಏಪ್ರಿಲ್‌ನಲ್ಲಿ ದಾವಣಗೆರೆಯಿಂದ ಕೈಸರ್ಸ್‌ಲೌಟರ್ನ್‌ಗೆ ಓದಲು ಹೊರಟಿರುವ ನೀನು ಮೂರು ಪ್ರಶ್ನೆ ಕೇಳಿದ್ದೀಯ. ಆ ಊರಿನ ತುಂಬ ಅಮೆರಿಕನ್ನರಿದ್ದಾರಂತೆ, ಇಂಗ್ಲಿಷಿನಲ್ಲೇ ಕಾಲ ಹಾಕಬಹುದೇ? ಜರ್ಮನ್ನರಿಗೆ ಅಮೆರಿಕನ್ನರನ್ನು ಕಂಡರೆ ಆಗುವುದಿಲ್ಲವಂತೆ, ನಿಜವೇ? ಹಾಗಿದ್ದರೆ ನಮ್ಮನ್ನು ಹೇಗೆ ಕಾಣುತ್ತಾರೆ? ಮೂರನೆಯದನ್ನು ಕೇಳಲು ಸಂಕೋಚವಾಗಿ ಮೊದಲ ಎರಡನ್ನು ಮುಂದಿಟ್ಟಿದ್ದೀಯ ಎಂದು ನನ್ನ ಊಹೆ. 2008ರಲ್ಲಿ ಸಾಗರದಿಂದ ಇಲ್ಲಿಗೆ ಬಂದಾಗ ನಾನೂ ಹಾಗೆಯೇ ಸುತ್ತಿ ಬಳಸಿ ಕೇಳುತ್ತಿದ್ದೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಆಗುವುದಿಲ್ಲ. ಊರಿನ ಜನಸಂಖ್ಯೆ ಸುಮಾರು 1 ಲಕ್ಷ. ರಾಮ್‌ಸ್ಟೈನ್ ವಾಯುನೆಲೆ, ಲಾಂಡ್‌ಸ್ಟೂಲ್‌ನ ಸೇನಾ ಆಸ್ಪತ್ರೆ ಮುಂತಾದವುಗಳ ಸುತ್ತ ಸೈನಿಕರು, ಅವರ ಸಂಸಾರಗಳು, ನೌಕರರು ಸೇರಿ 50,000ದಷ್ಟು ಅಮೆರಿಕನ್ನರು. ಅಮೆರಿಕದ ಹೊರಗೆ ಇಷ್ಟು ದೊಡ್ಡ ಅಮೆರಿಕನ್ ಸೇನಾ ಸಮುದಾಯ ಬೇರೆಲ್ಲೂ ಇಲ್ಲ. ಊರಿನ ಹೆಸರು ನಾಲಿಗೆಗೆ ಹೊರಳದೆ ಅವರು 'ಕೆ-ಟೌನ್' ಎಂದುಬಿಡುತ್ತಾರೆ. ಆದರೆ ಅವರ ಶಾಲೆ, ಅಂಗಡಿ, ಅಂಚೆ, ಆಸ್ಪತ್ರೆ ಎಲ್ಲವೂ ಬೇಲಿಯ ಒಳಗೆ. ಅವರ ಗುರುತಿನ ಚೀಟಿ ಇಲ್ಲದ ನಿನಗೂ ನನಗೂ ಅಲ್ಲಿ ಪ್ರವೇಶವಿಲ್ಲ. ಬೇಲಿಯ ಹೊರಗೆ ಕ್ಷೌರದವನು, ಪಿಜ್ಜಾ ಮಾಡುವವನು, ಹಳೆಯ ಕಾರು ಮಾರುವವನು ಇಂಗ್ಲಿಷ್ ಆಡುತ್ತಾರೆ. ವಿದೇಶಿಯರ ಕಚೇರಿಯ ಕಾಗದ, ಬಾಡಿಗೆ ಕರಾರು, ಆರೋಗ್ಯ ವಿಮೆಯ ನೋಟಿಸು ಇವು ಮಾತ್ರ ಅಪ್ಪಟ ಜರ್ಮನ್‌ನಲ್ಲಿ ಬಂದು ಅಂಚೆ ಡಬ್ಬಿಯಲ್ಲಿ ಬೀಳುತ್ತವೆ. ದಾವಣಗೆರೆಯಲ್ಲಿ ಇರುವಾಗಲೇ ಭಾಷೆ ಶುರುಮಾಡು.

ಎರಡನೆಯದಕ್ಕೆ ಬರೋಣ. ಇಲ್ಲಿ ಅಮೆರಿಕನ್ನರನ್ನು 'ಆಮಿ' ಎನ್ನುತ್ತಾರೆ. ಬೈಗುಳವಲ್ಲ, ಗೌರವವೂ ಅಲ್ಲ. ಯಾರು, ಯಾವ ದನಿಯಲ್ಲಿ ಹೇಳಿದರು ಎನ್ನುವುದರ ಮೇಲೆ ಅದರ ಅರ್ಥ. ಈ ದನಿ ವರ್ಷ ವರ್ಷಕ್ಕೂ ಬದಲಾಗುವುದನ್ನು ನಾನು ಕೇಳಿದ್ದೇನೆ. ನಾನು ಬಂದ ವರ್ಷವೇ ಜುಲೈನಲ್ಲಿ, ಇನ್ನೂ ಅಧ್ಯಕ್ಷರೇ ಆಗಿರದ ಒಬಾಮ ಬರ್ಲಿನ್‌ನಲ್ಲಿ ಮಾತಾಡಿದಾಗ 2 ಲಕ್ಷದಷ್ಟು ಜನ ಸೇರಿದ್ದರು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅಮೆರಿಕದ ಗುಣಗಾನ. ಐದು ವರ್ಷ ಕಳೆದು 2013ರಲ್ಲಿ, ಅದೇ ಒಬಾಮ ಅಧ್ಯಕ್ಷರಾಗಿದ್ದಾಗಲೇ, ಅಮೆರಿಕದ ಬೇಹುಗಾರರು ಆಗಿನ ಜರ್ಮನ್ ಚಾನ್ಸಲರ್ ಮರ್ಕೆಲ್ ಅವರ ಮೊಬೈಲಿಗೇ ಕಿವಿಯಿಟ್ಟಿದ್ದರೆಂಬ ಸುದ್ದಿ ಬಂತು. ಗೆಳೆಯರ ನಡುವೆ ಕದ್ದು ಕೇಳುವುದು ಸಲ್ಲದು ಎಂದು ಆಕೆ ಹೇಳಿದ ಮಾತು ವಾರಗಟ್ಟಲೆ ಓಡಾಡಿತು. ಅದು ಆರುವುದರೊಳಗೆ ಕೋಳಿಯ ಗಲಾಟೆ. ಅಮೆರಿಕದಲ್ಲಿ ಕೋಳಿಮಾಂಸವನ್ನು ಕ್ಲೋರಿನ್ ನೀರಿನಲ್ಲಿ ತೊಳೆಯುತ್ತಾರೆ, ಯುರೋಪಿಗೂ ಅಮೆರಿಕಕ್ಕೂ ವ್ಯಾಪಾರ ಒಪ್ಪಂದವಾದರೆ ಅದು ನಮ್ಮ ತಟ್ಟೆಗೂ ಬರುತ್ತದೆ ಎಂದು ಜರ್ಮನ್ನರು ಬೀದಿಗಿಳಿದರು. ಬೇಹುಗಾರಿಕೆಗಿಂತ ಕೋಳಿಗೇ ಅವರಿಗೆ ಹೆಚ್ಚು ಸಿಟ್ಟು ಬಂದಿತ್ತು ಎಂದು ಶುದ್ಧ ಸಸ್ಯಾಹಾರಿಯಾದ ನನಗೆ ಅನ್ನಿಸಿತ್ತು.

ಇದು ಸುದ್ದಿಯಲ್ಲಿರುವ ಅಮೆರಿಕ. ಪಕ್ಕದ ಮನೆಯ ಆಮಿಯ ಲೆಕ್ಕವೇ ಬೇರೆ.

ನಾನಿರುವುದು ವಾಯುನೆಲೆಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಎಡಗಡೆಯ ಮನೆಯ ಅಜ್ಜನಿಗೆ ಈಗ 87. ನೆಲೆಯಲ್ಲೇ ಮೂವತ್ತಕ್ಕೂ ಹೆಚ್ಚು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. 1945ರ ಮಾರ್ಚ್‌ನಲ್ಲಿ ಅಮೆರಿಕದ ಸೈನ್ಯ ಈ ಕಡೆ ಬಂದಾಗ ಅವರು ಏಳು ವರ್ಷದ ಹುಡುಗ. ಸೈನಿಕನೊಬ್ಬ ಕೊಟ್ಟ ಒಂದು ಚ್ಯೂಯಿಂಗ್ ಗಮ್ ಅನ್ನು ಮೂವರು ಅಣ್ಣತಮ್ಮಂದಿರು ಸರದಿಯ ಮೇಲೆ ಅಗಿದು, ರಾತ್ರಿ ಮಂಚದ ಕಾಲಿಗೆ ಅಂಟಿಸಿಟ್ಟು, ವಾರ ಪೂರ್ತಿ ಬಾಳಿಸಿದರಂತೆ. ಆಮೇಲೆ ಈ ಸೀಮೆ ಫ್ರೆಂಚರ ಆಡಳಿತಕ್ಕೆ ಹೋಯಿತು. 1950ರ ದಶಕದ ಆರಂಭದಲ್ಲಿ ನೆಲೆಗಳನ್ನು ಕಟ್ಟಲು ಅಮೆರಿಕನ್ನರು ಮತ್ತೆ ಬಂದರು. 'ಫ್ರೆಂಚರು ನಮ್ಮ ಆಲೂಗಡ್ಡೆ ಒಯ್ದರು, ಆಮಿಗಳು ಕೆಲಸ ಕೊಟ್ಟರು' ಎಂಬುದು ಅಜ್ಜ ಎರಡು ಲೋಟ ವೈನ್ ಆದ ಮೇಲೆ ಹೇಳುವ ಇತಿಹಾಸ. ಅವರ ಮಗಳದು ಬೇರೆ ಇತಿಹಾಸ. ಆಕೆ ಪ್ರತಿ ವರ್ಷ ನೆಲೆಯ ಮುಂದೆ ಡ್ರೋನ್ ಯುದ್ಧದ ವಿರುದ್ಧ ಫಲಕ ಹಿಡಿದು ನಿಲ್ಲುತ್ತಾಳೆ. ಸಂಜೆ ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ.

2020ರ ಬೇಸಿಗೆಯಲ್ಲಿ ಟ್ರಂಪ್ ಸರ್ಕಾರ ಜರ್ಮನಿಯಿಂದ 12,000 ಸೈನಿಕರನ್ನು ವಾಪಸ್ ಕರೆಸುವುದಾಗಿ ಹೇಳಿತು. ವಿಮಾನಗಳ ಸದ್ದಿಗೆ ದಿನಾ ಶಾಪ ಹಾಕುತ್ತಿದ್ದವರೆಲ್ಲ ಅಂದು ಬೇಕರಿಯ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದರು. ಮನೆ ಬಾಡಿಗೆಗೆ ಯಾರು ಬರುತ್ತಾರೆ, ನೆಲೆಯಲ್ಲಿ ಕೆಲಸಕ್ಕಿರುವ ಜರ್ಮನ್ನರ ಗತಿ ಏನು? ಮುಂದೆ ಬೈಡನ್ ಬಂದು ಅದನ್ನು ತಡೆಹಿಡಿದರು, ಜನ ಮತ್ತೆ ವಿಮಾನದ ಸದ್ದನ್ನು ಬೈಯತೊಡಗಿದರು. ಅಂದ ಹಾಗೆ, ಟ್ರಂಪ್ ಅವರ ಅಜ್ಜ 1885ರಲ್ಲಿ ಅಮೆರಿಕಕ್ಕೆ ಹೋದದ್ದು ಇದೇ ಸೀಮೆಯ ಕಾಲ್‌ಸ್ಟಾಟ್ ಎಂಬ ದ್ರಾಕ್ಷಿ ತೋಟಗಳ ಹಳ್ಳಿಯಿಂದ. ಕೆಚಪ್ಪಿನ ಹೈಂಜ್ ಮನೆತನದ ಮೂಲವೂ ಅದೇ ಹಳ್ಳಿ. ಇಲ್ಲಿಯವರು ಆ ಊರಿನ ಹೆಸರೆತ್ತಿದರೆ ಕೆಚಪ್ಪಿನ ಸುದ್ದಿಯನ್ನಷ್ಟೇ ಮಾತಾಡುತ್ತಾರೆ.

ಬಾಡಿಗೆಯ ವಿಷಯ ಬಂತಲ್ಲ, ಕೇಳಿಸಿಕೋ. ಸೇನೆಯವರಿಗೆ ಮನೆ ಬಾಡಿಗೆಯ ಭತ್ಯೆ ಚೆನ್ನಾಗಿದೆ, ಆದ್ದರಿಂದ ಮನೆಯವರಿಗೆ ಅವರೇ ಬೇಕು. ನಾನು ಮನೆ ಹುಡುಕುತ್ತಿದ್ದಾಗ ಒಬ್ಬ ಮಾಲೀಕ ಫೋನಿನಲ್ಲಿ ನನ್ನ ಇಂಗ್ಲಿಷ್ ಕೇಳಿ ಉತ್ಸಾಹದಿಂದ 'ಆಮಿಯೇ?' ಎಂದ. ಇಲ್ಲ, ಭಾರತದವಳು ಎಂದೆ. ಮನೆ ಅರ್ಧ ಗಂಟೆಯ ಹಿಂದಷ್ಟೇ ಹೋಯಿತು ಎಂದ. ವಿದ್ಯಾರ್ಥಿ ನಿಲಯಕ್ಕೆ ಇವತ್ತೇ ಅರ್ಜಿ ಹಾಕು.

ಅಮೆರಿಕನ್ನರ ಮೇಲೆ ಜರ್ಮನ್ನರ ದೊಡ್ಡ ದೂರು ರಾಜಕೀಯದ್ದಲ್ಲ, ನಗುವಿನದು. ಅವರು ಮೇಲುಮೇಲಿನವರು ಎನ್ನುತ್ತಾರೆ. ಗುರುತಿಲ್ಲದವರನ್ನು ಕಂಡು ಹಲ್ಲು ಬಿಡುತ್ತಾರೆ, ಮೊದಲ ಭೇಟಿಯಲ್ಲೇ ಹೆಸರು ಹಿಡಿದು ಕರೆಯುತ್ತಾರೆ, ಹೇಗಿದ್ದೀರಿ ಎಂದು ಕೇಳಿ ಉತ್ತರಕ್ಕೆ ನಿಲ್ಲುವುದಿಲ್ಲ. ಜರ್ಮನ್‌ನಲ್ಲಿಯೂ ನಮ್ಮಂತೆ ನೀನು, ನೀವು ಬೇರೆ ಬೇರೆ. ನೀವುವಿನಿಂದ ನೀನುವಿಗೆ ಇಳಿಯುವುದು ಒಂದು ಚಿಕ್ಕ ಸಮಾರಂಭ, ಹಿರಿಯರೇ ಆಹ್ವಾನ ಕೊಡಬೇಕು. ಎಲ್ಲರಿಗೂ ಒಂದೇ ಪದ ಬಳಸುವ ಅಮೆರಿಕನ್ನರಿಗೆ ಈ ಮೆಟ್ಟಿಲು ಕಾಣುವುದೇ ಇಲ್ಲ. ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಬಂದು 2006ರಲ್ಲಿ ಅಂಗಡಿಗಳನ್ನು ಮಾರಿ ಹೋಯಿತು. ಬೆಲೆಯ ಪೈಪೋಟಿ, ಕಾರ್ಮಿಕ ಸಂಘಗಳ ಜಗಳ ಎಂದು ಅದಕ್ಕೆ ನಾನಾ ಕಾರಣಗಳಿದ್ದವು. ಇಲ್ಲಿಯ ಜನ ಇಂದಿಗೂ ನೆನೆಯುವುದು ಒಂದನ್ನೇ: ಬಾಗಿಲಲ್ಲಿ ನಿಂತು ಸ್ವಾಗತ ಹೇಳುವವರು, ನಗಲೇಬೇಕಾದ ಕ್ಯಾಷಿಯರ್‌ಗಳು. ಹಾಲು ಕೊಳ್ಳಲು ಹೋದವನಿಗೆ ನಗು ಏಕೆ ಎಂದು ಜರ್ಮನ್ನನಿಗೆ ಗುಮಾನಿ.

ನಾನು ಬಂದ ಹೊಸತರಲ್ಲಿ ಈ ದೂರುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡೆ. ಜರ್ಮನ್ ವ್ಯಾಕರಣಕ್ಕಿಂತ ಅದು ಸುಲಭ. ಕಚೇರಿಯ ಊಟದ ಮೇಜಿನಲ್ಲಿ ಆಮಿಗಳನ್ನು ಹಂಗಿಸಿದರೆ ಸಾಕು, ಐದು ನಿಮಿಷ ನಾನೂ ಅವರಲ್ಲಿ ಒಬ್ಬಳಾಗುತ್ತಿದ್ದೆ. ಹಳ್ಳಿಯ ಓಣಿಯಲ್ಲಿ ಅವರ ಆನೆಗಾತ್ರದ ಪಿಕಪ್, ಬಿಸಿಲಿದ್ದರೂ ಬಟ್ಟೆ ಒಣಗಿಸಲು ಯಂತ್ರ, ಭಾನುವಾರ ಹುಲ್ಲು ಕತ್ತರಿಸಲು ಹೊರಟು ಬೈಸಿಕೊಳ್ಳುವುದು, ಹೋಟೆಲಿನಲ್ಲಿ ಪುಕ್ಕಟೆ ನೀರು ಕೇಳುವುದು. ನೀರು ಕೇಳುವುದನ್ನು ನಾನು ಹೇಗೆ ಹಂಗಿಸಿದೆನೋ! ನಮ್ಮಲ್ಲಿ ಹೋಟೆಲಿಗೆ ಹೋದರೆ ಮೊದಲು ಮೇಜಿಗೆ ಬರುವುದೇ ನೀರಿನ ಲೋಟ.

ಒಂದು ದಿನ ನಾನು ಕಾಫಿ ತರಲು ಎದ್ದು ಹೋಗಿ ಹಿಂದಿರುಗುವಾಗ ಮೇಜಿನಲ್ಲಿ ಅದೇ ಮಾತು ಕಿವಿಗೆ ಬಿತ್ತು. 'ಯಾವಾಗಲೂ ಹೂಂ ಎನ್ನುತ್ತಾರೆ, ತಲೆ ಆಡಿಸುತ್ತಾರೆ, ಒಳಗೆ ಏನಿದೆಯೋ ಗೊತ್ತಾಗುವುದಿಲ್ಲ.' ಆಮಿಗಳ ಬಗ್ಗೆ ಎಂದುಕೊಂಡು ನಗುತ್ತಲೇ ಕುಳಿತೆ. ಮಾತು ನಡೆದಿದ್ದದ್ದು ನಮ್ಮ ಬೆಂಗಳೂರಿನ ತಂಡದ ಬಗ್ಗೆ.

ನಿನ್ನ ಮೂರನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಆಮಿಗಳನ್ನು ತೂಗುವ ತಕ್ಕಡಿಯಲ್ಲೇ ನಮ್ಮನ್ನೂ ತೂಗುತ್ತಾರೆ. ಯೋಚಿಸಿ ನೋಡಿದರೆ ತಕ್ಕಡಿಯಲ್ಲಿ ತಪ್ಪಿಲ್ಲ. 'ಊಟ ಆಯಿತಾ' ಎಂದು ನಾವು ಕೇಳುತ್ತೇವೆ, ಇಲ್ಲ ಎಂದರೆ ಬಡಿಸುವ ಯೋಚನೆ ಇದೆಯೇ? ಅಮೆರಿಕನ್ನರ 'ಹೇಗಿದ್ದೀರಿ' ಅದಕ್ಕಿಂತ ಬೇರೆಯೇನಲ್ಲ. ಮೊದಲ ವರ್ಷ ಕಚೇರಿಯ ಒಬ್ಬಾಕೆಗೆ 'ಒಮ್ಮೆ ಮನೆಗೆ ಬನ್ನಿ' ಎಂದಿದ್ದೆ. ಆಕೆ ಅಲ್ಲೇ ಚೀಲದಿಂದ ಡೈರಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, 'ಯಾವ ಶನಿವಾರ, ಎಷ್ಟು ಗಂಟೆಗೆ?' ಎಂದು ಕೇಳಿದಳು. ನನ್ನ ಬಾಯಿ ಒಣಗಿತು. ಐದು ವಾರದ ನಂತರದ ಶನಿವಾರ ನಾಲ್ಕು ಗಂಟೆಗೆ ಸರಿಯಾಗಿ ಬಂದಳು, ಚಿತ್ರಾನ್ನ ತಿಂದಳು, ಇಂದಿಗೂ ಬರುತ್ತಾಳೆ.

ಭಾಷೆಯ ತರಗತಿಯಲ್ಲಿ ಒಮ್ಮೆ ಶಿಕ್ಷಕಿ ಅಮೆರಿಕ ಎಂದರೆ ಏನು ನೆನಪಾಗುತ್ತದೆ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಪೋಲೆಂಡಿನವನು ವೀಸಾ ಎಂದ (ಅವರಿಗೆ ವೀಸಾ ಇಲ್ಲದೆ ಹೋಗುವ ಅವಕಾಶ ಸಿಕ್ಕಿದ್ದು 2019ರ ನವೆಂಬರ್‌ನಲ್ಲಿ). ವಿಯೆಟ್ನಾಂನ ಹೆಂಗಸು ಕ್ಯಾಲಿಫೋರ್ನಿಯಾದಲ್ಲಿರುವ ತನ್ನ ಚಿಕ್ಕಮ್ಮ ಎಂದಳು. ಯುದ್ಧದ ಮಾತು ಬರಬಹುದೆಂದು ಕಾದಿದ್ದ ಶಿಕ್ಷಕಿಗೆ ನಿರಾಸೆ. ಇರಾಕಿನ ಹುಡುಗ ಬಹಳ ಹೊತ್ತು ಸುಮ್ಮನಿದ್ದು, 'ನಾನು ಇಂಗ್ಲಿಷ್ ಕಲಿತದ್ದು ಅವರಿಂದ' ಎಂದಷ್ಟೇ ಹೇಳಿ ಪುಸ್ತಕ ತೆರೆದ. ನನ್ನ ಸರದಿ ಬಂದಾಗ ನಮ್ಮ ನೆಂಟರ ಪ್ರಶ್ನೆ ಹೇಳಿದೆ: 'ಜರ್ಮನಿಯಾ? ಯಾಕೆ, ಅಮೆರಿಕ ಸಿಗಲಿಲ್ಲವಾ?' ನಿನಗೂ ಈ ಪ್ರಶ್ನೆ ಈಗಾಗಲೇ ಬಂದಿರಬೇಕು.

ಇನ್ನು ಬಲಗಡೆಯ ಮನೆ. ಅಲ್ಲಿ ಸದಾ ಆಮಿಗಳೇ. ಎರಡು ಮೂರು ವರ್ಷಕ್ಕೆ ಒಂದು ಸಂಸಾರ ಹೋಗುತ್ತದೆ, ಇನ್ನೊಂದು ಬರುತ್ತದೆ. ಟೆಕ್ಸಸ್‌ನ ಒಬ್ಬಾಕೆ ಬಂದ ಮೂರನೆಯ ದಿನವೇ ಬಾಗಿಲು ತಟ್ಟಿ, ತಟ್ಟೆ ತುಂಬ ಕುಕೀಸ್ ಕೊಟ್ಟು, ತನ್ನ ಸಿಸೇರಿಯನ್ ಕಥೆ ಹೇಳಿ ಹೋದಳು. ಎಡಗಡೆಯ ಅಜ್ಜ ನನಗೆ ತಮ್ಮ ಹೆಂಡತಿಯ ಹೆಸರು ಹೇಳಲು ಎರಡು ವರ್ಷ ತೆಗೆದುಕೊಂಡಿದ್ದರು. ಇಲ್ಲಿಯವರು ಈ ವ್ಯತ್ಯಾಸಕ್ಕೆ ಪೀಚ್ ಹಣ್ಣಿನದೂ ತೆಂಗಿನಕಾಯಿಯದೂ ಹೋಲಿಕೆ ಕೊಡುತ್ತಾರೆ. ನಮಗೆ ಮಾವು, ಹಲಸು ಸಾಕು. ಆಮಿ ಮಾವಿನ ಹಣ್ಣು, ಕೈಗೆ ಬಂದ ಕೂಡಲೇ ಸಿಹಿ, ಒಳಗೆ ಹೋದರೆ ಓಟೆ ಹಲ್ಲಿಗೆ ಸಿಗುತ್ತದೆ. ಜರ್ಮನ್ನ ಹಲಸು, ಮುಳ್ಳು, ಮೇಣ ದಾಟಿ ತೊಳೆ ಬಿಡಿಸುವ ತಾಳ್ಮೆ ಬೇಕು. ಹಸಿದು ಹಲಸು, ಉಂಡು ಮಾವು ಎನ್ನುತ್ತಾರೆ ನಮ್ಮ ಕಡೆ. ಹೊಸದಾಗಿ ಬಂದವನಿಗೆ ಇರುವುದು ಹಸಿವು, ಸಿಗುವುದು ಮಾವು.

ಟೆಕ್ಸಸ್‌ನ ಆಕೆ ಮೂರು ವರ್ಷವಾದ ಮೇಲೆ ನನ್ನನ್ನು ಅಪ್ಪಿ ಅತ್ತು, ಮನೆಗೆ ಬಾ ಎಂದು ವಿಳಾಸ ಬರೆದುಕೊಟ್ಟು, ತನ್ನ ರೈಸ್ ಕುಕ್ಕರ್ ನೆನಪಿಗೆ ಕೊಟ್ಟು ಹೋದಳು. ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ನೋಡಿದೆಯಾ, ಮೇಲುಮೇಲಿನವರು ಎಂದರು ಕಚೇರಿಯವರು. ನನಗೆ ಹಾಗೆ ಅನ್ನಿಸುವುದಿಲ್ಲ. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವಳಿಗೆ ಎರಡು ವರ್ಷ ಕಾದು ಹೆಸರು ಹೇಳುವ ಪುರುಸೊತ್ತು ಎಲ್ಲಿಯದು? ಬಂದ ವಾರವೇ ಗೆಳೆತನ ಮಾಡಬೇಕು, ಇದ್ದಷ್ಟು ದಿನ ಪೂರ್ತಿ ಮಾಡಬೇಕು, ಬಿಟ್ಟು ಹೋಗಲೂ ಕಲಿಯಬೇಕು. ನನಗೆ ಜ್ವರ ಬಂದಾಗ ನನ್ನ ಮಗನನ್ನು ನಾಲ್ಕು ದಿನ ತನ್ನ ಮಕ್ಕಳ ಜೊತೆ ಮಲಗಿಸಿಕೊಂಡವಳು ಅವಳೇ.

ಕುಕ್ಕರ್ ಮಾತ್ರ ಮೊದಲ ದಿನವೇ ಠುಸ್ ಎಂದು ಮನೆಯ ಫ್ಯೂಸ್ ಹಾರಿಸಿತು. ಅದು ಅಮೆರಿಕದ 120 ವೋಲ್ಟಿನದು, ಇಲ್ಲಿ 230. ಅಜ್ಜ ಟಾರ್ಚ್ ಹಿಡಿದು ಬಂದು ಫ್ಯೂಸ್ ಹಾಕಿ, ಆಮಿಗಳ ವಿದ್ಯುತ್ತಿನ ಮೇಲೆ ಅರ್ಧ ಗಂಟೆ ಪಾಠ ಮಾಡಿದರು. ನೀನು ಊರಿನಿಂದ ಮಿಕ್ಸಿಯನ್ನು ಧೈರ್ಯವಾಗಿ ತಾ, ಪ್ಲಗ್ಗಿಗೆ ಒಂದು ಅಡಾಪ್ಟರ್ ಸಾಕು. ಕುಕ್ಕರಿಗೆ ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಇಟ್ಟುಕೋ.

ಇದೇ ಅಜ್ಜ ಬಲಗಡೆಯ ಮನೆಗೆ ಬರುವ ಪ್ರತಿ ಸಂಸಾರಕ್ಕೂ ಕಸದ ನಿಯಮಗಳನ್ನು ಇಂಗ್ಲಿಷಿನಲ್ಲಿ ಕೈಯಾರೆ ಬರೆದು ಬಾಗಿಲಿಗೆ ಸಿಕ್ಕಿಸುತ್ತಾರೆ. 'ಈ ಆಮಿಗಳಿಗೆ ಬುದ್ಧಿ ಬರುವುದಿಲ್ಲ' ಎಂದು ಗೊಣಗುತ್ತಲೇ ಬರೆಯುತ್ತಾರೆ. ನಾನು ಬಂದ ವಾರ ನನ್ನ ಬಾಗಿಲಲ್ಲೂ ಅದೇ ಹಾಳೆ ಇತ್ತು. ಮೇಲೆ 'ಪ್ರಿಯ ಅಮೆರಿಕನ್ ನೆರೆಯವರೇ' ಎಂದು ಬರೆದು, 'ಅಮೆರಿಕನ್' ಮೇಲೆ ಅಡಿಕೋಲು ಇಟ್ಟು ನೇರವಾಗಿ ಗೆರೆ ಎಳೆದು, 'ಇಂಡಿಯನ್' ಎಂದು ತಿದ್ದಿದ್ದರು. ಉಳಿದ ಒಂದಕ್ಷರವೂ ಬದಲಾಗಿರಲಿಲ್ಲ. ಪ್ಲಾಸ್ಟಿಕ್ ಹಳದಿ ಚೀಲಕ್ಕೆ, ಸಿಪ್ಪೆ ಬೇರೆ ಡಬ್ಬಿಗೆ, ಬಾಟಲಿ ಎಸೆಯಬೇಡಿ, ಒಂದಕ್ಕೆ 25 ಸೆಂಟ್‌ವರೆಗೂ ವಾಪಸ್ ಬರುತ್ತದೆ. ಹಾಳೆ ಇನ್ನೂ ನನ್ನ ಬಳಿ ಇದೆ. ಏಪ್ರಿಲ್‌ನಲ್ಲಿ ಬಂದಾಗ ಒಂದು ಪ್ರತಿ ತೆಗೆದು ಕೊಡುತ್ತೇನೆ. ಯಾವ ಶನಿವಾರ, ಎಷ್ಟು ಗಂಟೆಗೆ ಬರುತ್ತೀಯ, ಈಗಲೇ ತಿಳಿಸು.