ಓದುಗರ ಪ್ರಶ್ನೆ: ಹೊಳೆದಂಡೆಯ ಊರಿಗೆ ಎಂಥ ಸೈರನ್?

ಪ್ರಶ್ನೆ: ನಮ್ಮದು ತುಂಗಭದ್ರೆ ದಂಡೆಯ ಊರು. ಡ್ಯಾಮಿನಿಂದ ನೀರು ಬಿಟ್ಟಾಗ ಜನರನ್ನು ಎಚ್ಚರಿಸಲು ಪಂಚಾಯ್ತಿಯಿಂದ ಸೈರನ್ ಹಾಕಿಸಬೇಕೆಂದಿದ್ದೇವೆ. ಮೋಟಾರಿನದು ಒಳ್ಳೆಯದೋ, ಬ್ಯಾಟರಿಯದೋ? ಎಷ್ಟು ದೂರ ಕೇಳುತ್ತದೆ?
– ಪಂಚಾಯ್ತಿ ಸದಸ್ಯರು, ಕಂಪ್ಲಿ ತಾಲ್ಲೂಕು

ಉತ್ತರ: ಬ್ಯಾಟರಿಯ ಎಲೆಕ್ಟ್ರಾನಿಕ್ ಸೈರನ್ನನ್ನೇ ಹಾಕಿಸಿ. ದೊಡ್ಡ ಮೋಟಾರ್ ಸೈರನ್ನಿಗೆ ತ್ರೀ ಫೇಸ್ ಬೇಕು. ಗಾಳಿ-ಮಳೆಗೆ ಮೊದಲು ಹೋಗುವುದೇ ಕರೆಂಟು. ಒಂದು ಫೇಸ್ ಹೋದರೂ ಮೋಟಾರ್ ಏಳುವುದಿಲ್ಲ, ಸ್ವಿಚ್ ಹಿಡಿದೇ ಇದ್ದರೆ ಸುಟ್ಟುಹೋಗುತ್ತದೆ. ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾದದ್ದು 2024ರ ಆಗಸ್ಟ್ 10ರ ರಾತ್ರಿ. ಅಂಥ ಹೊತ್ತಿನಲ್ಲಿ ಕರೆಂಟ್ ನಂಬಿ ಕೂರುವಂತಿಲ್ಲ.

ದೂರದ ವಿಷಯದಲ್ಲಿ ಮಾರುವವರ ಮಾತು ಜೋಪಾನ. ‘130 ಡೆಸಿಬಲ್’ ಎಂದರೆ ಎಷ್ಟು ಮೀಟರಿನಲ್ಲಿ ಅಳೆದದ್ದೆಂದು ಕೇಳಿ. ಒಂದು ಮೀಟರಿನಲ್ಲಿ 130 ಇದ್ದರೆ 30 ಮೀಟರಿನಲ್ಲಿ ಉಳಿಯುವುದು ಸುಮಾರು 100. ಮನೆ-ಮರಗಳ ನಡುವೆ ದೂರ ಇಮ್ಮಡಿಯಾದಾಗಲೆಲ್ಲ 10 ಡೆಸಿಬಲ್ ಕಳೆಯಿರಿ: 60 ಮೀಟರಿಗೆ 90, 120ಕ್ಕೆ 80, 240ಕ್ಕೆ 70. ಬೀದಿಯ ಗದ್ದಲ ಮೀರಿ ಕೇಳಲು 70 ಬೇಕು. 30 ಮೀಟರಿನಲ್ಲೇ 115 ಕೊಡುವ ಸೈರನ್ನಾದರೆ ಹತ್ತಿರ ಹತ್ತಿರ 700 ಮೀಟರ್. ಬಾಗಿಲು ಹಾಕಿ ಕೂಲರ್ ಹಚ್ಚಿ ಮಲಗಿದವರಿಗೆ ಅದೂ ಅನುಮಾನ. ಆದ್ದರಿಂದ ಯಾವ ಓಣಿಗೆ ಯಾರು ಹೋಗಿ ಬಾಗಿಲು ತಟ್ಟಬೇಕೆಂದು ಮೊದಲೇ ಹೆಸರು ಬರೆದಿಡಿ. ಗುಡಿ, ಮಸೀದಿಯ ಮೈಕುಗಳನ್ನೂ ಸೇರಿಸಿಕೊಳ್ಳಿ.

ಜಾಗ ಆರಿಸುವಾಗ ಗಾಳಿ ನೋಡಿ. ಹೊಳೆ ತುಂಬುವ ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಗಾಳಿಗೆದುರು ಸದ್ದು ಸಾಗುವುದಿಲ್ಲ. ಊರಿನ ಪಶ್ಚಿಮ ಅಂಚಿನ ಎತ್ತರದ ಕಟ್ಟಡವೇ ಸರಿ. ಹಾರ್ನ್‌ಗಳು ಅಕ್ಕಪಕ್ಕದ ಮಾಳಿಗೆಗಳಿಗಿಂತ ಮೇಲಿರಲಿ, ಬಾಯಿ ಆಕಾಶಕ್ಕೆ ಎತ್ತಿರಬಾರದು.

ಬ್ಯಾಟರಿ ಲೆಕ್ಕ: 100 ವ್ಯಾಟಿನ 6 ಹಾರ್ನ್, 24 ವೋಲ್ಟ್ ಎಂದರೆ ನಷ್ಟ ಸೇರಿ 30 ಆಂಪಿಯರ್. ಎರಡು ನಿಮಿಷ ಕೂಗಿದರೆ ಖರ್ಚಾಗುವುದು 1 ಎಎಚ್ (ಆಂಪಿಯರ್-ಅವರ್) ಮಾತ್ರ. ಬ್ಯಾಟರಿ ತಿನ್ನುವುದು ಸದಾ ಎಚ್ಚರವಾಗಿರುವ ಕಂಟ್ರೋಲ್ ಬೋರ್ಡು: 0.2 ಆಂಪಿಯರ್ ಎಳೆದರೂ ಮೂರು ದಿನಕ್ಕೆ 14 ಎಎಚ್ ದಾಟುತ್ತದೆ. ಹತ್ತು ಸಲ ಕೂಗಲು 10 ಸೇರಿಸಿದರೆ 25. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು. ಅಂದರೆ 50 ಬೇಕು. ಸ್ವಲ್ಪ ಹೆಚ್ಚೇ ಇರಲೆಂದು 12 ವೋಲ್ಟಿನ 65 ಎಎಚ್‌ನ ಎರಡು ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಜೋಡಿಸಿ. ನಮ್ಮ ಬಳ್ಳಾರಿ ಬಿಸಿಲಿನಲ್ಲಿ ಮಾಳಿಗೆಯ ಮೇಲಿನ ತಗಡಿನ ಡಬ್ಬಿ ಬ್ಯಾಟರಿಯ ವೈರಿ. 25 ಡಿಗ್ರಿಯಿಂದ 35ಕ್ಕೆ ಏರಿದರೇ ಆಯುಷ್ಯ ಅರ್ಧವಾಗುತ್ತದೆ. ನೆರಳಿನ ಕೋಣೆಯಲ್ಲಿಡಿ, ನೀರು ಹಾಕುವ ಬಗೆಯದಾದರೆ ಬೋರ್‌ವೆಲ್ ನೀರು ಮಾತ್ರ ಬೇಡ.

ಪ್ರಶ್ನೆ: ನಮ್ಮೂರಲ್ಲಿ ಸೈರನ್ ಇದೆ, ಆದರೆ ಈಗ ಕೀರಲು ದನಿ. ಏನಾಗಿರಬಹುದು?
– ಓದುಗರು, ಗಂಗಾವತಿ

ಉತ್ತರ: ಮೊದಲು ಹಾರ್ನಿನೊಳಗೆ ಟಾರ್ಚ್ ಬಿಡಿ: ಕಣಜದ ಗೂಡು, ಪಾರಿವಾಳದ ಕಸ ಸಾಮಾನ್ಯ. ಅದಿಲ್ಲದಿದ್ದರೆ ಸೈರನ್ ಕೂಗುತ್ತಿರುವಾಗಲೇ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಸುಮ್ಮನಿದ್ದಾಗ 25 ತೋರಿಸಿ ಕೂಗುವಾಗ 21ಕ್ಕೆ ಬಿದ್ದರೆ ಬ್ಯಾಟರಿ ಮುಗಿದಿದೆ. ಬ್ಯಾಟರಿಯಲ್ಲಿ ಸರಿಯಿದ್ದು ಆಂಪ್ಲಿಫೈಯರ್ ತುದಿಯಲ್ಲಿ ಕಡಿಮೆ ಬಂದರೆ ವೈರ್ ಸಣ್ಣದು, ಇಲ್ಲವೇ ಜಾಯಿಂಟಿಗೆ ಕಿಲುಬು ಹಿಡಿದಿದೆ. ಎರಡೂ ಸರಿಯಿದ್ದರೆ ಹಾರ್ನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸುಟ್ಟ ಡ್ರೈವರ್ (ಹಾರ್ನಿನಲ್ಲಿ ಸದ್ದು ಹುಟ್ಟಿಸುವ ಭಾಗ) ಬದಲಿಸಿ. ತಿಂಗಳಿಗೊಮ್ಮೆ, ಊರಿಗೆ ತಿಳಿಸಿದ ದಿನ, ಮೇನ್ ಸ್ವಿಚ್ ಆಫ್ ಮಾಡಿಯೇ ಟೆಸ್ಟ್ ಮಾಡಿ. ಕರೆಂಟ್ ಇದ್ದಾಗ ಮಾಡುವ ಟೆಸ್ಟ್ ಬ್ಯಾಟರಿಯ ಸ್ಥಿತಿಯನ್ನು ಮುಚ್ಚಿಡುತ್ತದೆ.

ಪ್ರಶ್ನೆ: ಮೊಬೈಲಿಗೇ ಎಚ್ಚರಿಕೆ ಬರುವಾಗ ಸೈರನ್ ಯಾಕೆ? ಅದರ ದನಿಯ ಅರ್ಥವೇನು?
– ವಿದ್ಯಾರ್ಥಿನಿ, ರಾಯಚೂರು

ಉತ್ತರ: 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಪರೀಕ್ಷಿಸಿದ ‘ಸೆಲ್ ಬ್ರಾಡ್‌ಕಾಸ್ಟ್’ ಎಂಬ ಮೊಬೈಲ್ ಎಚ್ಚರಿಕೆ ಟವರಿನಡಿಯ ಫೋನುಗಳಿಗೆಲ್ಲ ಒಟ್ಟಿಗೆ ತಲುಪುತ್ತದೆ. ಆದರೆ ಫೋನ್ ಆಫ್ ಆಗಿದ್ದರೆ, ಟವರಿನ ಬ್ಯಾಟರಿ ಇಳಿದಿದ್ದರೆ ಏನೂ ಬರದು. ಎರಡೂ ಬೇಕು. ನಾಗರಿಕ ರಕ್ಷಣೆಯ ಪದ್ಧತಿಯಲ್ಲಿ ಏರಿಳಿಯುವ ಕೂಗು ಅಪಾಯದ್ದು, ಒಂದೇ ಸಮನೆಯದು ‘ಅಪಾಯ ಕಳೆಯಿತು’ ಎನ್ನುವುದಕ್ಕೆ. ಊರಿನ ಸೈರನ್ನಿಗೂ ಇದೇ ಕ್ರಮವಿರಲಿ, ಶಾಲೆಯ ಗಂಟೆಗೋ ಜಾತ್ರೆಗೋ ಅದನ್ನು ಬಳಸಬೇಡಿ. ಸಂಶಯ ಬಂದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ.